ಸೆನೆಟ್ಟಿಗೆ ನಾನು ನಿಂತ ಕಥೆ

ಅರುವತ್ತರ ದಶಕದ ಆರಂಭ. ಮದರಾಸಿನ ಒಂದು ಕಾಲೇಜಿನಲ್ಲಿ ನಾನು ಗಣಿತದ ಅಧ್ಯಾಪಕ. ವಿಶ್ವವಿದ್ಯಾಲಯದ ಸೆನೆಟ್ ಸಭೆಗೆ ಅಧ್ಯಾಪಕರ ಪರವಾಗಿ ಒಬ್ಬರನ್ನು ಆರಿಸುವ ಚುನಾವಣೆ ಬಂತು. ನಿಂತೇಬಿಡೋಣ ಎಂದು ತೀರ್ಮಾನಿಸಿದೆ. ಕಾರಣವಿತ್ತು. ಪೆರಂಬೂರಿನ ರೈಲ್ವೆ ವರ್ಕ್‌ಷಾಪಿನಲ್ಲಿ ಹಗಲೆಲ್ಲ ದುಡಿದವರು ನನ್ನ ಸಂಜೆ ತರಗತಿಗೆ ಬರುತ್ತಿದ್ದರು. ಅವರು ಬಸ್ಸಿಳಿಯುವ ಹೊತ್ತಿಗೆ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಬೀಗ ಬಿದ್ದಿರುತ್ತಿತ್ತು. ಸೆನೆಟ್ಟಿನಲ್ಲಿ ಎದ್ದು ನಿಂತು ನಾಲ್ಕು ಮಾತಾಡಿದರೆ ಆ ಬೀಗ ತೆರೆದೀತು ಎಂಬ ಆಸೆ ನನಗೆ. ಅಲ್ಲದೆ, ಓಟೆಣಿಸುವುದು ಲೆಕ್ಕದ ಕೆಲಸ. ಲೆಕ್ಕ ನನ್ನ ಕಸುಬು. ಸೋಲುವುದಾದರೂ ಹೇಗೆ?

“ನಿಮಗೆ ಓಟು ಹಾಕುವುದು ಯಾರು ಮಾರಾಯ್ರೇ?” ಎಂದಳು ಹೆಂಡತಿ ಪದ್ಮಾ, ದೋಸೆ ಮಗುಚುತ್ತ. “ಪಕ್ಕದ ಮನೆಯವರಿಗೇ ನಿಮ್ಮ ಹೆಸರು ಗೊತ್ತಿಲ್ಲ.”

“ಪಕ್ಕದ ಮನೆಯವರಿಗೆ ಓಟೇ ಇಲ್ಲ!” ಎಂದೆ ಗಂಭೀರವಾಗಿ.

ನಾಮಪತ್ರಕ್ಕೆ ಸೂಚಕರೊಬ್ಬರ ರುಜು ಬೇಕಿತ್ತು. ನಮ್ಮ ವಿಭಾಗದ ಹಿರಿಯರಾದ ಪ್ರೊಫೆಸರ್ ಶೇಷಾದ್ರಿಯವರ ಬಳಿ ಹೋಗಿ ಗ್ರಂಥಾಲಯದ ಬೀಗದ ಕಥೆ ಹೇಳಿದೆ. ಅವರು ಕನ್ನಡಕ ಏರಿಸಿ, ನಿಧಾನವಾಗಿ ರುಜು ಹಾಕಿ, ಶಾಯಿ ಒಣಗಲೆಂದು ಊದಿ, ಕಾಗದ ಕೈಗಿತ್ತರು.

“ಬಹಳ ಸಂತೋಷ ಮಿಸ್ಟರ್ ಭಟ್. ಅಂದಹಾಗೆ, ನಾನೂ ನಿಲ್ಲುತ್ತಿದ್ದೇನೆ. ಪರವಾಗಿಲ್ಲ ತಾನೇ?”

“ಛೆ ಛೆ, ಏನೂ ಪರವಾಗಿಲ್ಲ ಸಾರ್” ಎಂದೆ. ಪ್ರಜಾಪ್ರಭುತ್ವದ ಮೇಲೆ ನನಗೆ ಅಷ್ಟು ಗೌರವ!

ಆ ರುಜುವಿನ ಮಹಿಮೆ ಪ್ರಚಾರಕ್ಕೆ ಹೊರಟಾಗ ತಿಳಿಯಿತು. ಸೈದಾಪೇಟೆಯಿಂದ ಪೆರಂಬೂರಿನವರೆಗೆ, ಬಸ್ಸು ಹತ್ತಿ ಇಳಿದು, ಅಧ್ಯಾಪಕರ ಮನೆ ಮನೆಗೆ ಹೋದೆ. ಸೂಚಕರ ಹೆಸರು ಹೇಳಿದೊಡನೆ ಎಲ್ಲೆಲ್ಲೂ ಒಂದೇ ಮಾತು: “ಓಹೋ, ಶೇಷಾದ್ರಿಯವರ ಕಡೆಯವರಾ? ಖಂಡಿತ, ನಮ್ಮ ಓಟು ಅವರಿಗೇ!”

ನಾನೂ ಒಬ್ಬ ಅಭ್ಯರ್ಥಿ ಎಂದು ವಿವರಿಸಬೇಕಾಯಿತು. ಅದನ್ನು ಕೇಳಿ ಅವರ ಮುಖ ಸಪ್ಪಗಾಗುತ್ತಿತ್ತು. ಆ ಸಪ್ಪೆ ಮುಖ ನೋಡಲಾರದೆ ನಾನು, “ಮೊದಲನೇ ಪ್ರಾಶಸ್ತ್ಯ ಅವರಿಗೇ ಕೊಡಿ, ಎರಡನೆಯದಾದರೂ ನನಗಿರಲಿ” ಎಂದುಬಿಡುತ್ತಿದ್ದೆ. ಆ ಚುನಾವಣೆಯಲ್ಲಿ ಅಭ್ಯರ್ಥಿಗಳ ಹೆಸರಿನ ಮುಂದೆ ಒಂದು, ಎರಡು, ಮೂರು ಎಂದು ಅಂಕಿ ಬರೆಯಬೇಕಿತ್ತು. ‘ಎರಡು’ ಬೇಕೆಂದು ಕೈಮುಗಿದು ಕೇಳಿದ ಅಭ್ಯರ್ಥಿ ನಾನೊಬ್ಬನೇ ಇರಬೇಕು.

ಈ ಅಂಕಿಗಳ ಪದ್ಧತಿ ಅನೇಕರಿಗೆ ಅರ್ಥವಾಗಿರಲಿಲ್ಲ. ತಿರುವಲ್ಲಿಕ್ಕೇಣಿಯಲ್ಲಿ ಪದ್ಮಾಳ ತಮ್ಮನ ಹೋಟೆಲಿತ್ತು. ಒಂದು ಭಾನುವಾರ ಹತ್ತು ಜನ ಅಧ್ಯಾಪಕರನ್ನು ಅಲ್ಲಿಗೆ ಕರೆದು, ಉದ್ದಿನ ವಡೆ ಇಟ್ಟುಕೊಂಡು ಪಾಠ ಶುರುಮಾಡಿದೆ. ಮೂರು ತಟ್ಟೆ, ಮೂವರು ಅಭ್ಯರ್ಥಿಗಳು. ವಡೆಯೇ ಓಟು.

“ಎಲ್ಲರಿಗಿಂತ ಕಡಿಮೆ ವಡೆ ಬಿದ್ದ ತಟ್ಟೆಯನ್ನು ತೆಗೆದುಹಾಕಬೇಕು. ಅದರ ವಡೆಗಳನ್ನು ಉಳಿದ ತಟ್ಟೆಗಳಿಗೆ ಹಂಚಬೇಕು” ಎಂದು ಹಿಂತಿರುಗಿ ನೋಡಿದರೆ ಮೂರೂ ತಟ್ಟೆ ಖಾಲಿ!

“ಭಾವ, ಇನ್ನೊಂದು ಸುತ್ತು ಕಳಿಸಲಾ?” ಎಂದು ಭಾವಮೈದ ಗಲ್ಲಾದಿಂದ ಕೂಗಿದ. “ಬೇಡ” ಎಂದು ನಾನು ಹೇಳುವ ಮೊದಲೇ ಹತ್ತೂ ಜನ “ಕಳಿಸಿ” ಎಂದರು.

ಓಟಿನ ದಿನ ಬಂತು. ಅರ್ಧವಾರ್ಷಿಕ ಪರೀಕ್ಷೆಯ ಉತ್ತರಪತ್ರಿಕೆಗಳು ಮನೆಯಲ್ಲಿ ರಾಶಿ ಬಿದ್ದಿದ್ದವು. ಒಂದು ಕಟ್ಟನ್ನು ಜೊತೆಗೆ ಒಯ್ದು, ಸಾಲಿನಲ್ಲಿ ನಿಂತೇ ತಿದ್ದತೊಡಗಿದೆ. ನನ್ನ ಸರದಿ ಬಂದಾಗ ಕಟ್ಟನ್ನು ಕಂಕುಳಿಗೆ ಸಿಕ್ಕಿಸಿ ಪರದೆಯ ಹಿಂದೆ ಹೋದೆ. ಓಟಿನ ಚೀಟಿಯಲ್ಲಿ ನನ್ನ ಹೆಸರು ಅಚ್ಚಾಗಿತ್ತು. ಎಷ್ಟು ಮುದ್ದಾಗಿ ಕಂಡಿತು! ಕ್ಷಣವೂ ಯೋಚಿಸದೆ ಗುರುತು ಹಾಕಿ, ಮಡಚಿ, ಪೆಟ್ಟಿಗೆಗೆ ಇಳಿಸಿ, ಎದೆಯುಬ್ಬಿಸಿ ಹೊರಬಂದೆ.

ಮರುದಿನ ಎಣಿಕೆ. ಅಭ್ಯರ್ಥಿಗಳು ಮೇಜಿನ ಸುತ್ತ ಕೂತಿದ್ದೆವು. ಮೊದಲನೇ ಪ್ರಾಶಸ್ತ್ಯದ ಓಟುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಶೇಷಾದ್ರಿಯವರಿಗೆ. ಉಳಿದವು ತಾಂಬರಂ ಕಡೆಯ ಒಬ್ಬ ಚರಿತ್ರೆ ಅಧ್ಯಾಪಕರಿಗೆ. ನನಗೆ ಎರಡನೇ ಪ್ರಾಶಸ್ತ್ಯ ಧಾರಾಳವಾಗಿ ಬಂದಿತ್ತು. ಜನ ಮಾತಿಗೆ ತಪ್ಪಿರಲಿಲ್ಲ! ಆದರೆ ಶೇಷಾದ್ರಿಯವರು ಮೊದಲ ಸುತ್ತಿನಲ್ಲೇ ಗೆದ್ದುದರಿಂದ ಅವನ್ನು ಎಣಿಸುವ ಅಗತ್ಯವೇ ಬೀಳಲಿಲ್ಲ. ಮೊದಲನೆಯದು? ಸೊನ್ನೆ.

“ಸೊನ್ನೆಯಾಗಲು ಸಾಧ್ಯವಿಲ್ಲ! ನಾನೇ ಒಂದು ಹಾಕಿದ್ದೇನೆ!” ಎಂದು ಎದ್ದು ನಿಂತೆ.

ಚುನಾವಣಾಧಿಕಾರಿ ತಿರಸ್ಕೃತ ಚೀಟಿಯೊಂದನ್ನು ಎತ್ತಿ ಹಿಡಿದರು. ನನ್ನ ಹೆಸರಿನ ಮುಂದೆ ಅಂಕಿಯಿಲ್ಲ. ಕೆಂಪು ಶಾಯಿಯಲ್ಲಿ ಒಂದು ದೊಡ್ಡ ‘ರೈಟ್’ ಗುರುತು. ಪಕ್ಕದಲ್ಲಿ ‘10/10’. ಕೆಳಗೆ ನನ್ನ ಚುಟುಕು ಸಹಿ, ತಾರೀಖಿನ ಸಮೇತ!

“ಅಡಡಾ!” ಎಂದರು ಶೇಷಾದ್ರಿ. ಮತ್ತೆ ನನ್ನ ಭುಜ ತಟ್ಟಿ, “ಆ ಗ್ರಂಥಾಲಯದ ವಿಚಾರ ಬರೆದು ಕೊಡಿ ಭಟ್. ನಾನು ಎತ್ತುತ್ತೇನೆ” ಎಂದರು. ಅಲ್ಲೇ ಕೂತು ಬರೆದುಕೊಟ್ಟೆ.

ಮನೆಗೆ ಬಂದಾಗ ಮಗಳು ಬಾಗಿಲಲ್ಲೇ, “ಅಪ್ಪಾ, ತೋತ್ತುಟ್ಟೀಂಗಳಾ?” ಎಂದು ತಮಿಳಿನಲ್ಲಿ ಕೇಳಿದಳು. ಸೋತೆನೆಂದು ಒಪ್ಪಿಕೊಂಡು ನಡೆದುದನ್ನೆಲ್ಲ ಹೇಳಿದೆ. ಪದ್ಮಾ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

“ಹೋಗಲಿ ಬಿಡಿ, ಹತ್ತಕ್ಕೆ ಹತ್ತು ಬಂತಲ್ಲ!”

ಶೇಷಾದ್ರಿಯವರು ಮಾತು ಉಳಿಸಿಕೊಂಡರು. ಗ್ರಂಥಾಲಯ ರಾತ್ರಿ ಎಂಟರವರೆಗೆ ತೆರೆದಿರತೊಡಗಿತು. ಅದರ ಶ್ರೇಯಸ್ಸು ಅವರಿಗೇ ಸಲ್ಲಬೇಕು. ಆದರೆ ಮುಂದಿನ ಚುನಾವಣೆಯಿಂದ ಓಟಿನ ಚೀಟಿಯ ತಲೆಯ ಮೇಲೆ ದಪ್ಪಕ್ಷರದಲ್ಲಿ ಹೊಸ ಸೂಚನೆಯೊಂದು ಅಚ್ಚಾಯಿತು: ‘ಮತದಾರರು ಅಭ್ಯರ್ಥಿಗಳಿಗೆ ಅಂಕ ಕೊಡಬಾರದು.’ ವಿಶ್ವವಿದ್ಯಾಲಯದ ಆಡಳಿತಕ್ಕೆ ನಾನು ಸಲ್ಲಿಸಿದ ಸೇವೆ ಅಷ್ಟೇ.