ಕಿವುಡು ಕಂಪ್ಯೂಟರಿಗೆ ಕಬ್ಬಿಣದ ಮೈಕು

ಕೊಟ್ಟೂರು ಹತ್ತಿರದ ನಮ್ಮ ಶಾಲೆಗೆ ಯಾವ ಯಂತ್ರ ಬಂದರೂ ಮೊದಲು ಕೆಡುವವರು ಮನುಷ್ಯರು, ಯಂತ್ರ ಆಮೇಲೆ. ಈ ಸಲ ಬಂದದ್ದು ಕಂಪ್ಯೂಟರು. ಪಾಠಗಳನ್ನು ಓದಿ ಅದರಲ್ಲಿ ರೆಕಾರ್ಡ್ ಮಾಡಬೇಕೆಂದು ಹೆಡ್‌ಮೇಷ್ಟ್ರು ವಿಜ್ಞಾನ ಕಲಿಸುವ ನನಗೆ ಹೇಳಿದರು. ಶಾಲೆಯ ಹಳೇ ಕಬ್ಬಿಣದ ಮೈಕಿನಲ್ಲೇ ಮಾಡುತ್ತೇನೆ ಎಂದೆ. ಇದೇ ಶಾಲೆಯಲ್ಲಿ ಟೀಚರಾಗಿದ್ದ ನನ್ನ ಹೆಂಡತಿ, ಕಳೆದ ವರ್ಷ ತೀರಿಕೊಳ್ಳುವವರೆಗೂ, ಅದರಲ್ಲೇ ಪ್ರಾರ್ಥನೆ ಹೇಳಿಸುತ್ತಿದ್ದಳು. ಹೆಡ್‌ಮೇಷ್ಟ್ರು ಒಪ್ಪಿದರು. ಆದರೆ ಕೆಲಸ ಮಾಡದಿದ್ದರೆ ಗುಜರಿಯವನು ಬಂದಾಗ ಹಾಕಿಬಿಡುವುದಾಗಿಯೂ ಹೇಳಿದರು.

ದನಿ ಸಾಲದು

ಮೊದಲು ಅಳಿಲಿನ ಪಾಠ ಓದಿದೆ. ಹಾಕಿ ಕೇಳಿದರೆ ಸೊಳ್ಳೆ ಗುಂಯ್‌ಗುಟ್ಟಿದಷ್ಟೇ ಸದ್ದು. ನನ್ನದು ಮೊದಲೇ ಸಣ್ಣ ದನಿ, ದೋಷ ನನ್ನದೇ ಎಂದು ತೀರ್ಮಾನವಾಗಿ ಪಿ.ಟಿ. ಮೇಷ್ಟ್ರನ್ನು ಕರೆಸಿದರು. 'ಅಳಿಲು ಮೆಲ್ಲಗೆ ಮರ ಏರಿತು' ಎಂಬ ವಾಕ್ಯವನ್ನು ಅವರು ಕೂಗಿದ ರಭಸಕ್ಕೆ ಎದುರಿನ ಚಹಾದಂಗಡಿಯವರು ಓಡಿಬಂದು, ಯಾರು ಯಾರಿಗೆ ಹೊಡೆದರೆಂದು ವಿಚಾರಿಸಿದರು. ಕಂಪ್ಯೂಟರಿನಲ್ಲಿ ಮಾತ್ರ ಒಂದಿದ್ದ ಸೊಳ್ಳೆ ಎರಡಾಗಿತ್ತು.

ಎತ್ತಿನ ಉಪಾಯ

ನಾನು ವಿವರಿಸಿದೆ. ಈ ಮೈಕಿನ ಇಂಪಿಡೆನ್ಸ್, ಅಂದರೆ ವಿದ್ಯುತ್ತಿಗೆ ಒಡ್ಡುವ ತಡೆ, ಬಹಳ ಕಡಿಮೆ, ಅದು ಕೊಡುವ ವಿದ್ಯುತ್ತೂ ಅಷ್ಟಕ್ಕಷ್ಟೇ. ಕಂಪ್ಯೂಟರಿನ ಸೌಂಡ್ ಕಾರ್ಡು ಬೇರೆ ಜಾತಿಯ ಮೈಕಿಗೆಂದು ಮಾಡಿದ್ದು. ನಡುವೆ ಹೆಬ್ಬೆರಳಿನಷ್ಟು ಟ್ರಾನ್ಸ್‌ಫಾರ್ಮರ್ ಹಾಕಿದರೆ ಸರಿಹೋಗುತ್ತದೆ.

"ಅಂದ್ರ ಎರಡಕ್ಕೂ ಹೊಂದಿಕಿ ಇಲ್ಲ ಅನ್ರಿ," ಎಂದರು ಒಕ್ಕಲು ಮನೆತನದ ಹೆಡ್‌ಮೇಷ್ಟ್ರು.

ಹೊಸ ಎತ್ತು ತಂದರೆ ನೊಗಕ್ಕೆ ಹೂಡುವ ಮೊದಲು ಹಳೆಯದರ ಪಕ್ಕ ಎರಡು ದಿನ ಕಟ್ಟುತ್ತಾರಲ್ಲ, ಹಾಗೆ ಇವೆರಡನ್ನೂ ಇಡಲು ಜವಾನನಿಗೆ ಹೇಳಿದರು. ಅವನು ಹಗ್ಗ ಹಾಕಿ ಕಟ್ಟಿಯೇ ಇಟ್ಟ. ಆಮೇಲೆ ಬಾಗಿಲು ತೆಗೆದು ನೋಡಿ ಬಂದು ಒಪ್ಪಿಸಿದ: "ಹಾಯ್ದಾಡಿಲ್ರಿ ಸಾರ್. ಸುಮ್ನ ಅದಾವು."

ಕಿವಿ ಬಂತು

ಕೊನೆಗೆ ನಾನೇ ಹೊಸಪೇಟೆಯಿಂದ ಟ್ರಾನ್ಸ್‌ಫಾರ್ಮರ್ ತಂದು ಜೋಡಿಸಿ ಪಾಠ ಓದಿದೆ. ಮರುದಿನ, ನಾನು ಕೇಳಿ ನೋಡುವ ಮೊದಲೇ ಇಲಾಖೆಯ ಸಾಹೇಬರು ಬಂದರು. ಹೆಡ್‌ಮೇಷ್ಟ್ರು ಹೆಮ್ಮೆಯಿಂದ ತಾವೇ ರೆಕಾರ್ಡ್ ಹಾಕಿದರು. ಅಳಿಲು ಮರ ಏರಿತು. ಅದರ ಹಿಂದೆಯೇ, ಹಿಂದಿನ ದಿನ ಪಕ್ಕದ ಕೋಣೆಯಲ್ಲಿ ಕೂತು ಹೆಡ್‌ಮೇಷ್ಟ್ರು ಇದೇ ಸಾಹೇಬರಿಗೆ ಫೋನಿನಲ್ಲಿ ಆಡಿದ್ದ ಮಾತು ಗಂಟೆ ಬಾರಿಸಿದಂತೆ ಕೇಳಿಸಿತು: "ಹಗರಿಬೊಮ್ಮನಹಳ್ಳಿ ದಾಟೀನ್ರಿ ಸಾಹೇಬ್ರ, ಹಡಗಲಿ ಮೀಟಿಂಗಿಗೆ ಬಂದ ಬಿಟ್ಟೆ." ಬೆನ್ನಿಗೇ ಜವಾನನ ದನಿ: "ಸಾರ್, ಮಂಡಕ್ಕಿಗಿ ಇನ್ನೆರಡು ಮಿರ್ಚಿ ಹಾಕ್ಲ್ಯಾ?"

ಸಾಹೇಬರು ಪೂರ್ತಿ ಕೇಳಿ, ಸೌಂಡು ಬಹಳ ಕ್ಲಿಯರ್ ಐತಿ ಎಂದು ಹೇಳಿ ಹೋದರು.

ಸಂಜೆ ಹೆಡ್‌ಮೇಷ್ಟ್ರು ಮೈಕನ್ನು ಟವಲಿನಲ್ಲಿ ಬಿಗಿಯಾಗಿ ಸುತ್ತಿ ನನ್ನ ಕೈಗಿಟ್ಟರು. "ಮನಿಗಿ ಒಯ್ದುಬಿಡ್ರಿ ಮೇಷ್ಟ್ರ. ಗುಜರ್ಯಾಂವನ ಮುಂದ ಇದು ಇನ್ನೂ ಏನೇನು ಹೇಳತೈತೋ."

ಮೈಕು ಕೇಳಿದ್ದು ಯಾವುದೂ ಅದರೊಳಗೆ ಉಳಿಯುವುದಿಲ್ಲ ಎಂದು ತಿದ್ದಲು ಬಾಯಿ ತೆರೆದೆ. ತಿದ್ದಲಿಲ್ಲ. ನನ್ನವಳ ಮೈಕನ್ನು ಮನೆಗೆ ತಂದೆ.