ಗುಂಯ್ ಶಬ್ದದ ಅಧಿಕೃತ ಮೂಲ

ಸರ್ಕಾರಿ ವಾಹನದ ಹಿಂಭಾಗದಿಂದ ಹೊರಡುವ ಶಬ್ದವೂ ಸರ್ಕಾರಿ ಸ್ವತ್ತೇ ಆಗಿರುತ್ತದೆ. ಆದ್ದರಿಂದ ಸಕ್ಷಮ ಅಧಿಕಾರಿಯ ಅನುಮತಿಯಿಲ್ಲದೆ ಅದನ್ನು ನಿಲ್ಲಿಸಲು, ಕಡಿಮೆ ಮಾಡಲು ಅಥವಾ ಅದರ ಮೂಲ ಹುಡುಕಲು ಯಾರಿಗೂ ಅಧಿಕಾರವಿಲ್ಲ. ಶಹಾಪುರದ ಕಾಲುವೆ ಶಿಸ್ತುಪಾಲನಾ ಉಪವಿಭಾಗದಲ್ಲಿ ಇದು ಎಲ್ಲರಿಗೂ ಗೊತ್ತಿದ್ದ ಸಂಗತಿ. ಗೊತ್ತಿಲ್ಲದವನು ಡ್ರೈವರ್ ಹುಲಗಪ್ಪ ಒಬ್ಬನೇ.

ಕಚೇರಿಯ ಗಾಡಿ ದಾಖಲೆಯಲ್ಲಿ ಎಸ್‌ಯುವಿ, ಊರವರ ಬಾಯಲ್ಲಿ ದೊಡ್ಡ ಗಾಡಿ. ಆ ಸೀಮೆಗೆ ಕಾಲುವೆ ನೀರು ಬಂದ ಹೊಸತರಲ್ಲಿ ಬಂದದ್ದು. ಎಷ್ಟೋ ಊರುಗಳಿಗೆ ನೀರು ಇನ್ನೂ ಹೊಸದಾಗಿಯೇ ಉಳಿದಿತ್ತು, ಗಾಡಿ ಮಾತ್ರ ಹಳೆಯದಾಗಿತ್ತು. ಒಂದು ದಿನ ಸುರಪುರದ ದಾರಿಯಲ್ಲಿ ವೇಗ ನಲವತ್ತು ದಾಟುತ್ತಲೇ ಹಿಂದಿನಿಂದ ಗುಂಯ್ ಎಂಬ ಶಬ್ದ ಹುಟ್ಟಿತು. ವೇಗ ಏರಿದಂತೆ ಅದೂ ಏರಿತು. ಬಲಕ್ಕೆ ತಿರುಗಿದರೆ ಜೋರಾಗುತ್ತಿತ್ತು, ಎಡಕ್ಕೆ ತಿರುಗಿದರೆ ಮೆತ್ತಗಾಗುತ್ತಿತ್ತು.

ಹುಲಗಪ್ಪ ಗಾಡಿ ನಿಲ್ಲಿಸಿ ಹಿಂದಿನ ಗಾಲಿಗಳನ್ನು ಒದ್ದು ನೋಡಿದ. ಅವನ ದಿನದ ಅರ್ಧ ಓಡಾಟ ಕಾಲುವೆ ದಂಡೆಯ ಮೇಲೆ. ಒಂದು ಗಾಡಿಗೆ ಸಾಲುವಷ್ಟೇ ದಾರಿ, ಪಕ್ಕದಲ್ಲೇ ತುಂಬಿ ಹರಿಯುವ ನೀರು. ಅವನಿಗೋ ಈಜು ಬಾರದು.

"ಗಾಲಿ ಕಳಚಿದ್ರ ನಾ ಸೀದಾ ನೀರಾಗ," ಅಂದ ಮನೆಯಲ್ಲಿ.

"ನನಗ್ಯಾಕ ಹೇಳ್ತೀರಿ, ಸಾಹೇಬ್ರಿಗಿ ಹೇಳ್ರಿ," ಅಂದಳು ಹೆಂಡತಿ ಮೋನಮ್ಮ.

ಹೇಳಿದ. ಸಾಹೇಬ ಬಸವಂತ್ರಾಯರು ಮುಂದಿನ ಸೀಟಿನಲ್ಲಿ ಕೂತೇ ಗಮನವಿಟ್ಟು ಆಲಿಸಿದರು.

"ನನಗೇನೂ ಕೇಳಸವಲ್ದಲ್ಲೋ."

"ಹಿಂದ ಕುಂತ್ರ ಕೇಳ್ತದ್ರಿ ಸಾಹೇಬ್ರ."

"ಹಿಂದ ಕುಂಡ್ರಾಕ ನಾನೇನ್ ಗುತ್ತೇದಾರ?"

ಆ ಕಚೇರಿಯಲ್ಲಿ ಮುಂದಿನ ಸೀಟು ಹುದ್ದೆಗೆ ಸೇರಿದ್ದು. ಹಿಂದಿನದು ಫೈಲುಗಳಿಗೆ, ಗುತ್ತೇದಾರರಿಗೆ ಮತ್ತು ಗುತ್ತೇದಾರರು ತಂದುಕೊಡುವ ಹಣ್ಣಿನ ಬುಟ್ಟಿಗಳಿಗೆ ಮೀಸಲು. ಬುಟ್ಟಿಗಳು ಈವರೆಗೆ ಶಬ್ದದ ಬಗ್ಗೆ ದೂರು ಕೊಟ್ಟಿರಲಿಲ್ಲ.

ವಿಷಯ ಹೆಡ್ ಕ್ಲರ್ಕ್ ಕುಬ್ರಾಬೇಗಂ ಅವರ ಮೇಜಿಗೆ ಹೋಯಿತು. ಬೇಗಂ ಅವರು ಕೆಟ್ಟವರಲ್ಲ. ನಿಯಮ ಬಿಟ್ಟರೆ ಬೇರಾವುದಕ್ಕೂ ಹೆದರದ ಹೆಂಗಸು. ಕನ್ನಡಕ ಏರಿಸಿ ಹೇಳಿದರು: "ಹುಲಗಪ್ಪ, ನೀ ದೂರು ಕೊಟ್ಟ ಗಳಿಗಿಂದ ಇದು ದೋಷಶಂಕಿತ ವಾಹನ. ದೋಷಶಂಕಿತ ವಾಹನ ಜಾಗ ಬಿಟ್ಟು ಅಲುಗಾಡಬಾರ್ದು."

"ಗಾಡಿ ಓಡಿದ್ರ ಅಷ್ಟೇ ಶಬ್ದ ಬರೂದ್ರಿ ಮೇಡಂ."

"ಅದಕ್ಕ ನಿಲ್ಲಿಸೂದು. ಪರೀಕ್ಷೆ ಆಗೋತನ ಶಬ್ದ ಹೆಚ್ಚಾಗಬಾರ್ದಲ್ಲ."

ಗಾಡಿಯನ್ನು ಕಚೇರಿಯ ಬೇವಿನ ಮರದ ಕೆಳಗೆ ನಿಲ್ಲಿಸಲಾಯಿತು. ಗ್ಯಾರೇಜಿನ ವಹಾಬನನ್ನು ಕರೆಸಿದರು. ಅವನು ಬಗ್ಗಿ ನೋಡಿ, "ಜ್ಯಾಕ್ ಹಚ್ಚಿ ಎತ್ತಿ, ಹಿಂದಿನ ಗಾಲಿ ಕೈಲೆ ತಿರುವಿದ್ರ ಗೊತ್ತಾಗ್ತದ್ರಿ. ಇಲ್ಲಾ ಟೈರ್ ಹಿಂದಿನವು ಮುಂದ ಹಾಕೂನು. ಶಬ್ದ ಮುಂದ ಬಂದ್ರ ಟೈರ್, ಹಿಂದೇ ಉಳದ್ರ ಬೇರಿಂಗ್," ಅಂದ.

ಬೇಗಂ ಅವರು ಎರಡನ್ನೂ ಪರಿಶೀಲಿಸಿದರು. ಗಾಡಿ ಮೇಲಕ್ಕೆ ಹೋಗುವುದೂ ಚಲನೆಯೇ. ಇನ್ನು ಟೈರು, ದಾಸ್ತಾನಿನಲ್ಲಿ ಅವು ಹಿಂದಿನ ಟೈರುಗಳೆಂದೇ ಜಮಾ ಆಗಿದ್ದವು. ಬಡ್ತಿ ಆದೇಶವಿಲ್ಲದೆ ಮುಂದೆ ಬರುವ ಹಾಗಿರಲಿಲ್ಲ.

ವಹಾಬನಿಗೆ ಕಚೇರಿಯ ಮರ್ಜಿ ತಿಳಿಯಲು ಹೊತ್ತು ಬೇಕಾಗಲಿಲ್ಲ. ಕೈ ಒರೆಸಿಕೊಂಡು ಇನ್ನೊಂದು ದಾರಿ ತೋರಿಸಿದ: "ಹಂಗಾದ್ರ ಬೇರಿಂಗ್, ಟೈರ್, ಗೇರ್, ಸೀಟ್ ಕವರ್, ಹಾರ್ನ್, ಎಲ್ಲಾ ಹೊಸಾವು ಹಾಕೂನ್ರಿ. ಶಬ್ದ ಎಲ್ಲಿದ್ರೂ ಹೋಗ್ತದ."

ಸಾಹೇಬರಿಗೆ ಈ ವೈಜ್ಞಾನಿಕ ವಿಧಾನ ಹಿಡಿಸಿತು. ಆ ಸೀಟ್ ಕವರ್ ತಮ್ಮ ಅಳಿಯನ ಗಾಡಿಗೂ ಹೊಂದುತ್ತದೆಯೇ ಎಂದು ಮೆಲ್ಲಗೆ ವಿಚಾರಿಸಿದರು. ಹೊಂದುತ್ತದೆ ಎಂದ ವಹಾಬ. ಆದರೆ ಶಬ್ದ ಇದೆ ಎಂದು ಸಾಬೀತಾಗದೆ ಖರೀದಿ ಆಗುವಂತಿರಲಿಲ್ಲ. ಹೀಗಾಗಿ ಸಾಹೇಬರು ಮತ್ತು ಬೇಗಂ ಸೇರಿದ ಶಬ್ದ ಶೋಧನಾ ಸಮಿತಿ ರಚನೆಯಾಯಿತು.

ಸಮಿತಿ ನಿಂತ ಗಾಡಿಯಲ್ಲಿ ಕೂತು, ಗಾಜು ಏರಿಸಿ, ಕಿವಿಗೊಟ್ಟು ಆಲಿಸಿತು. ಚಹಾ ತರಿಸಿ ಮತ್ತೆ ಆಲಿಸಿತು. ಮರದ ಮೇಲಿನ ಕಾಗೆ ಬಿಟ್ಟರೆ ಏನೂ ಕೇಳಲಿಲ್ಲ.

"ಎಂಥಾ ಶಬ್ದ ಅಂತ ಗೊತ್ತಿಲ್ದ ಹೆಂಗ ಹುಡುಕೂದು?" ಅಂದರು ಸಾಹೇಬರು. "ಹುಲಗಪ್ಪ, ಹಿಂದ ಕುಂತು ಬಾಯಿಲೆ ಮಾಡಿ ತೋರ್ಸು."

ಹುಲಗಪ್ಪನಿಗೆ ನಾಚಿಕೆಯಾಯಿತು. ಆದರೆ ಕಣ್ಣ ಮುಂದೆ ಕಾಲುವೆಯ ನೀರು ಬಂತು. ಹಿಂದಿನ ಸೀಟಿನಲ್ಲಿ ಕೂತು, ಕಣ್ಣು ಮುಚ್ಚಿ, ಮೂಗಿನಿಂದ ಗುಂಯ್ ಅಂದ. ನಲವತ್ತರ ವೇಗದ್ದು ಮಾಡಿದ, ಅರವತ್ತರದ್ದು ಮಾಡಿದ, ಬಲತಿರುವಿನದು ಮಾಡಿದ. ಜೀವದಾಸೆಯಿಂದ ಮಾಡಿದ್ದು, ಚೆನ್ನಾಗಿಯೇ ಬಂತು. ಬೇಗಂ ಅವರು ತಲೆದೂಗಿದರು.

ಸಂಜೆಯೊಳಗೆ ಸೂಚನಾ ಫಲಕದ ಮೇಲೆ ಆದೇಶ ಬಂತು:

"ವಾಹನದ ಹಿಂಭಾಗದಿಂದ ಗುಂಯ್ ಎಂಬ ಶಬ್ದ ಬರುತ್ತಿರುವುದನ್ನು ಸಮಿತಿಯು ಸ್ವತಃ ಆಲಿಸಿ ದೃಢಪಡಿಸಿಕೊಂಡಿದೆ. ಸದರಿ ಶಬ್ದದ ಮೂಲ: ಚಾಲಕ. ವಾಹನವು ನಿರ್ದೋಷಿ. ಈ ಕೂಡಲೇ ಸೇವೆಗೆ ಮರಳತಕ್ಕದ್ದು."

"ಮೇಡಂ, ಅದು ನಾ ತೋರ್ಸಾಕ ಮಾಡಿದ್ದ್ರಿ," ಅಂದ ಹುಲಗಪ್ಪ.

"ನೀ ತೋರ್ಸಿದ್ದಕ್ಕ ನಮಗ ಗೊತ್ತಾತಪ್ಪ," ಅಂದರು ಬೇಗಂ, ಮರುಕದಿಂದಲೇ.

ಗಾಡಿ ಮರಳಿ ದಂಡೆ ಹತ್ತಿತು. ಕೆಲವು ದಿನಗಳ ನಂತರ, ಕಕ್ಕೇರಾ ಕಡೆ ಒಬ್ಬನೇ ಹೋಗುತ್ತಿದ್ದಾಗ, ಹುಲಗಪ್ಪನನ್ನು ಒಂದು ಗಾಲಿ ಹಿಂದೆ ಹಾಕಿ ಮುಂದೆ ಹೋಯಿತು. ಪರಿಚಯದ ಗಾಲಿ. ತನ್ನದೇ ಎಂದು ತಿಳಿಯುವಷ್ಟರಲ್ಲಿ ಗಾಡಿ ಎಡಕ್ಕೆ ವಾಲಿ, ದಂಡೆಯ ಮೇಲೆ ತೆಗೆದು ಹಾಕಿದ್ದ ಹೂಳಿನ ಗುಡ್ಡೆಗೆ ಸಿಕ್ಕಿಕೊಂಡು ನಿಂತಿತು. ಆ ಹೂಳನ್ನು ಸಾಗಿಸಿ ಆಗಿದೆ ಎಂದು ಗುತ್ತೇದಾರ ಹಿಂದೆಯೇ ಬಿಲ್ಲಿನ ಹಣ ಎತ್ತಿದ್ದ. ಅವನ ಕಳ್ಳತನದಿಂದ ಹುಲಗಪ್ಪ ಬದುಕಿದ. ದಾರಿಯಲ್ಲಿ ಕೂತು ಹೊಟ್ಟೆ ತುಂಬ ಅತ್ತ.

ಗಾಲಿ ಕಾಲುವೆಗೆ ಬಿದ್ದು ತೇಲಿಹೋಯಿತು. ನೀರು ಹೋಗುವವರೆಗೆ ಹೋಗಿರಬೇಕು, ಅಂದರೆ ಬಹಳ ದೂರವೇನೂ ಹೋಗಿರಲಾರದು. ಗಾಲಿಯು ಪೂರ್ವಾನುಮತಿ ಇಲ್ಲದೆ ಸೇವೆಯಿಂದ ನಿರ್ಗಮಿಸಿದೆ ಎಂದು ವರದಿಯಾಯಿತು.

ಯಾದಗಿರಿಯಿಂದ ಬೇರೊಂದು ಗಾಡಿ ಬಂತು. ಅದೂ ಹಳೆಯದೇ, ಆದರೆ ಸದ್ದಿಲ್ಲದ್ದು. ಹುಲಗಪ್ಪ ಅದಕ್ಕೆ ಊದುಬತ್ತಿ ಬೆಳಗಿ ಕೈ ಮುಗಿದ. ಬತ್ತಿ ಆರುವ ಮೊದಲೇ ಬೇಗಂ ಅವರು ಕರೆದರು.

"ಹಳೇ ಗಾಡಿ ಸಾಮಾನ ಹೊಸದಕ್ಕ ವರ್ಗ ಮಾಡಬೇಕು. ಜ್ಯಾಕ್ ಬಂತು, ಸ್ಟೆಪ್ನಿ ಬಂತು. ಶಬ್ದ ಎಲ್ಲಿ?"

"ಶಬ್ದ ಹೋತಲ್ರಿ ಮೇಡಂ."

"ಹೋಗಾಕ ಹೆಂಗ ಬರ್ತದ? ಸಮಿತಿ ದೃಢಪಡಿಸಿದ್ದ ಶಬ್ದ ಅದು. ಆಡಿಟ್ನವ್ರು ಕೇಳ್ತಾರ. ಕಳಕೊಂಡ್ರ ನಿನ್ನ ನೌಕರಿಗಿ ಬರ್ತದ. ಮೂಲ ನೀನೇ ಅಂತ ಬರದೀವಲ್ಲ, ನೀನೇ ಮಾಡು."

ಅಂದಿನಿಂದ ವೇಗ ನಲವತ್ತು ದಾಟಿದ ಕೂಡಲೇ ಹುಲಗಪ್ಪ ಗುಂಯ್ ಅನ್ನತೊಡಗಿದ. ಬಲತಿರುವಿನಲ್ಲಿ ಜೋರು, ಎಡತಿರುವಿನಲ್ಲಿ ಮೆತ್ತಗೆ. ಮೊದಮೊದಲು ದಾರಿಯ ಜನ ನಿಂತು ನೋಡಿದರು, ಆಮೇಲೆ ಬಿಟ್ಟರು. ಸಾಹೇಬರಿಗೆ ಆ ಶಬ್ದದಲ್ಲಿ ಒಳ್ಳೆಯ ನಿದ್ದೆ ಹತ್ತುತ್ತಿತ್ತು. ಹುಲಗಪ್ಪನ ಗಂಟಲು ಬಾತು ಅನ್ನ ಇಳಿಯದಾಯಿತು. ಮೋನಮ್ಮ ರಾತ್ರಿ ಅರಿಶಿನದ ಹಾಲು ಕೊಟ್ಟು, "ನಾಳೆ ಎಷ್ಟು ದೂರ ಅದರಿ?" ಎಂದು ಕೇಳುವಳು.

ಒಂದು ಮಧ್ಯಾಹ್ನ ಸಾಹೇಬರೊಂದಿಗೆ ತಿಂಥಣಿಯಿಂದ ಬರುತ್ತ, ದಂಡೆಯ ಮೇಲೆ ಹುಲಗಪ್ಪ ಉಸಿರು ತೆಗೆದುಕೊಳ್ಳಲು ಬಾಯಿ ಮುಚ್ಚಿದ. ಶಬ್ದ ನಿಲ್ಲಲಿಲ್ಲ. ಬಲಕ್ಕೆ ತಿರುಗಿದ, ಜೋರಾಯಿತು. ಗಾಡಿ ನಿಲ್ಲಿಸಿದ.

"ಸಾಹೇಬ್ರ, ಶಬ್ದ ಬರಾಕತ್ತದ್ರಿ."

"ಬರ್ಲಿ. ಛಲೋ ಮಾಡಾಕತ್ತಿ."

"ನಾ ಅಲ್ರಿ. ಗಾಡಿ."

ಬಸವಂತ್ರಾಯರು ಕಣ್ಣು ತೆರೆದರು. ಮುಖ ಅರಳಿತು.

ಮರುದಿನ ಫಲಕದ ಮೇಲೆ ಆದೇಶವಿತ್ತು: ಶಬ್ದದ ಪ್ರಭಾರವನ್ನು ವಾಹನವು ತಾನಾಗಿಯೇ ವಹಿಸಿಕೊಂಡಿರುವುದರಿಂದ ಚಾಲಕನನ್ನು ಸದರಿ ಕರ್ತವ್ಯದಿಂದ ಬಿಡುಗಡೆ ಮಾಡಲಾಗಿದೆ. ವಾಹನಕ್ಕೆ ಅಲ್ಪಾವಧಿಯಲ್ಲಿ ತರಬೇತಿ ನೀಡಿದ್ದಕ್ಕಾಗಿ ಸಮಿತಿಯು ಅವನನ್ನು ಅಭಿನಂದಿಸುತ್ತದೆ. ಬೇಗಂ ಅವರು ತಮ್ಮ ಕೈಯಾರೆ ಹಾರ ಹಾಕಿದರು. ಎಲ್ಲರೂ ಚಪ್ಪಾಳೆ ತಟ್ಟಿದರು.

ಹುಲಗಪ್ಪ ಹಾರ ಹಿಡಿದು ಮನೆಗೆ ಬಂದಾಗ ಮೋನಮ್ಮ ಬಾಗಿಲಲ್ಲೇ ಕೇಳಿದಳು.

"ಮತ್ತ ಗಾಲಿ?"

ಹುಲಗಪ್ಪ ಗಂಟಲು ಸವರಿಕೊಂಡ. ಅಂದು ಮಧ್ಯಾಹ್ನ ಎಷ್ಟೋ ತಿಂಗಳ ಮೇಲೆ ನೋವಿಲ್ಲದೆ ರೊಟ್ಟಿ ನುಂಗಿದ್ದ.

"ಗಂಟಲ ಆರಾಮ ಅದ," ಅಂದ. ಅವನಿಗೆ ನಿಜವಾಗಿಯೂ ಸಂತೋಷವಾಗಿತ್ತು. ಬೆಳಿಗ್ಗೆ ಎದ್ದು ಗಾಡಿ ತೆಗೆದ, ದಂಡೆ ಹತ್ತಿಸಿದ, ನಲವತ್ತು ದಾಟಿಸಿ ಬಾಯಿ ಮುಚ್ಚಿಕೊಂಡು ಕೂತ.