ನಲ್ಲಿ ಅಂಗಡಿಯನ್ನು ನಕ್ಷೆಯಲ್ಲಿ ಮತ್ತೆ ತೆರೆಯುವ ಕುರಿತು

ಇಂದ:
ಹೂವಿನ ಅಂಗಡಿಯ ಎಡ ಅರ್ಧದ ಒಡತಿ
(ಜನ ಕರೆಯುವುದು ‘ಫ್ರಿಜ್ ಅಂಗಡಿಯವಳು’ ಎಂದು),
ಮೊಬೈಲ್ ರಿಪೇರಿ ಅಂಗಡಿಯ ಪಕ್ಕ.

ಗೆ:
ಫೋನಿನ ನಕ್ಷೆಯೊಳಗೆ ಕೂತು ಯಾವ ಅಂಗಡಿ ಮೇಲೆ, ಯಾವ ಅಂಗಡಿ ಕೆಳಗೆ ಎಂದು ತೀರ್ಮಾನಿಸುವ ಅಧಿಕಾರಿಗಳು,
ಹುಡುಕಾಟ ವಿಭಾಗ.
(ವಿಳಾಸ ತಿಳಿಯದು. ಊರಿನವರೆಲ್ಲರ ವಿಳಾಸ ಇಟ್ಟುಕೊಂಡಿರುವ ತಾವು ತಮ್ಮದನ್ನು ಮಾತ್ರ ಎಲ್ಲೂ ಕೊಟ್ಟಿಲ್ಲ.)

ವಿಷಯ: ಬದುಕಿರುವ ಅಂಗಡಿಯನ್ನು ಸತ್ತಿದೆ ಎಂದು ತೋರಿಸುತ್ತಿರುವುದನ್ನು ಸರಿಪಡಿಸುವ ಬಗ್ಗೆ, ಅದನ್ನು ಸಾಯಿಸಿದವಳೇ ಸಲ್ಲಿಸುತ್ತಿರುವ ಮನವಿ.

ಉಲ್ಲೇಖ: 1. ಸದರಿ ಅಂಗಡಿ ಮುಚ್ಚಿದೆ ಎಂದು ನಾನು ತಮಗೆ ಕಳಿಸಿದ ಸುಳ್ಳು ದೂರು (ತಾವು ತಕ್ಷಣ ನಂಬಿದ್ದು).
2. ಅದು ಮುಚ್ಚಿಲ್ಲ ಎಂದು ಆಮೇಲೆ ಕಳಿಸಿದ ನಿಜವಾದ ದೂರುಗಳು (ತಾವು ಒಂದನ್ನೂ ನಂಬದಿದ್ದವು).

ಮಾನ್ಯರೇ (ತಾವು ಮನುಷ್ಯರೇ ಆಗಿದ್ದ ಪಕ್ಷದಲ್ಲಿ),

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಕೆಳಗಿನ ಅಂಶಗಳನ್ನು ತಮ್ಮ ಅವಗಾಹನೆಗೆ ತರುತ್ತಿದ್ದೇನೆ. ಸ್ವಲ್ಪ ಉದ್ದವಾಗಬಹುದು. ತಮ್ಮ ನಿಯಮಾವಳಿಗಿಂತ ಉದ್ದವೇನೂ ಇಲ್ಲ.

1. ನಮ್ಮ ತಂದೆ ನಡೆಸುತ್ತಿದ್ದ ಹೂವಿನ ಅಂಗಡಿ ಅವರ ಕಾಲಾನಂತರ ನನಗೂ ನನ್ನ ಅಕ್ಕನಿಗೂ ಸಮಪಾಲಾಗಿ ಬಂದಿರುತ್ತದೆ. ಒಟ್ಟಿಗೆ ನಡೆಸೋಣ ಎಂದುಕೊಂಡೆವು, ನಡೆಯಲಿಲ್ಲ. ಗುಲಾಬಿಯ ಮುಳ್ಳು ತೆಗೆಯಬಾರದು ಎನ್ನುವವಳು ಅವಳು, ತೆಗೆಯಲೇಬೇಕು ಎನ್ನುವವಳು ನಾನು. ಇದು ಜಗಳದ ಕಾರಣವಲ್ಲ, ಜಗಳ ಯಾವ ಮಟ್ಟದ್ದು ಎಂಬುದಕ್ಕೆ ಒಂದು ಉದಾಹರಣೆ ಅಷ್ಟೆ. ಕೊನೆಗೆ ನಡುವೆ ಪ್ಲೈವುಡ್ ಹಲಗೆ ಹೊಡೆಸಿ ಅಂಗಡಿಯನ್ನು ಎರಡು ಮಾಡಿಕೊಂಡೆವು. ಹೊಡೆಸಿದ ಮೇಲೆ ನೋಡಿದರೆ ಫ್ರಿಜ್ ನನ್ನ ಕಡೆ ಉಳಿದಿದೆ, ನೀರಿನ ನಲ್ಲಿ ಅವಳ ಕಡೆ. ಒಬ್ಬರನ್ನೊಬ್ಬರು ಕೇಳುವ ಮಾತೇ ಇಲ್ಲ. ಆದ್ದರಿಂದ ನಾನು ಪಕ್ಕದ ಮೊಬೈಲ್ ರಿಪೇರಿಯವನ ಅಂಗಡಿಯಿಂದ ಬಕೆಟ್ಟಿನಲ್ಲಿ ನೀರು ಹೊರುತ್ತೇನೆ, ಅವಳು ಐಸ್ ಕೊಂಡು ತಂದು ಲಿಲ್ಲಿಗಳ ಪ್ರಾಣ ಉಳಿಸುತ್ತಾಳೆ. ಜನ ನಮ್ಮನ್ನು ಫ್ರಿಜ್ ಅಂಗಡಿ, ನಲ್ಲಿ ಅಂಗಡಿ ಎಂದು ಗುರುತಿಸುವುದು ಹೀಗೆ.

2. ವ್ಯಾಪಾರ ಕುಂಟುತ್ತಿದ್ದಾಗ ಸದರಿ ರಿಪೇರಿಯವನು, “ಮೇಡಂ, ಈಗ ಯಾರೂ ಬೀದೀಲಿ ಅಂಗಡಿ ಹುಡುಕಲ್ಲ, ಫೋನಲ್ಲಿ ಹುಡುಕ್ತಾರೆ. ಅಲ್ಲಿ ಮೊದಲು ಕಾಣಿಸ್ಬೇಕು” ಎಂದು ಉಪದೇಶ ಮಾಡಿದನು. ಅದರಂತೆ ನಕ್ಷೆಯಲ್ಲಿ ಅಂಗಡಿಯನ್ನು ನೋಂದಾಯಿಸಿ, ತೆರೆಯುವ ಮುಚ್ಚುವ ವೇಳೆ ಬರೆದು, ವಾರವಾರವೂ ಹೊಸ ಫೋಟೋ ಏರಿಸಿದೆನು. ಹೂ ಕೊಂಡವರನ್ನೆಲ್ಲ ಬಾಗಿಲಲ್ಲೇ ಅಡ್ಡಗಟ್ಟಿ ನಾಲ್ಕು ಒಳ್ಳೆಯ ಮಾತು ಬರೆಸಿಕೊಂಡೆನು. ಬರೆದವರಿಗೆಲ್ಲ ಉತ್ತರ ಬರೆದೆನು. ಅತ್ಯುತ್ಸಾಹದಲ್ಲಿ ಅಂಗಡಿಯ ಹೆಸರನ್ನೇ ‘ಹತ್ತಿರದ ತಾಜಾ ಹೂವಿನ ಅಂಗಡಿ ಮದುವೆ ಬೊಕೆ ಹುಟ್ಟುಹಬ್ಬ ಬೊಕೆ ಶವಕ್ಕೆ ಹೂ ಮನೆಗೆ ತಲುಪಿಸಲಾಗುವುದು’ ಎಂದು ಬದಲಾಯಿಸಿದ್ದೂ ಉಂಟು. ಇದು ಹೆಸರಲ್ಲ ಎಂದು ತಾವು ಅಳಿಸಿ ಹಾಕಿದಿರಿ. ಮದುಮಗನೊಬ್ಬ ಫೋನ್ ಮಾಡಿ, “ಮದುವೆಗೂ ಶವಕ್ಕೂ ಒಂದೇ ಹೂವಾ ಮೇಡಂ?” ಎಂದು ಕೇಳಿದ ಮೇಲೆ ತಮ್ಮ ತೀರ್ಮಾನ ನನಗೂ ಸರಿಯೆನಿಸಿತು.

3. ಇಷ್ಟೆಲ್ಲ ಮಾಡಿದರೂ ನಾನು ಎರಡನೆಯವಳು. ಮೊದಲನೆಯದು ಅಕ್ಕನ ಅಂಗಡಿ. ಅವಳು ಫೋನಿನಲ್ಲಿ ಅಲಾರಂ ಇಡಲೂ ಕನ್ನಡಕ ಹುಡುಕುವವಳು. ಅವಳ ಅಂಗಡಿಯನ್ನು ನಕ್ಷೆಗೆ ಸೇರಿಸಿದ್ದೂ ಯಾರೋ ಗಿರಾಕಿ. ಒಂದು ಫೋಟೋ, ಅದೂ ಅರ್ಧ ಶಟರ್, ಅರ್ಧ ಬೆರಳು. ಆದರೆ ಅದರ ಕೆಳಗೆ ಜನ ತಾವಾಗಿಯೇ ಪುಟಗಟ್ಟಲೆ ಬರೆದಿದ್ದರು. “ಅಮ್ಮ ಹೋದ ದಿನ ಕೈಕಾಲು ಆಡದೆ ಇಲ್ಲಿಗೆ ಬಂದೆ. ಕೂರಿಸಿ ಚಹಾ ಕೊಟ್ಟು, ಅಮ್ಮನಿಗೆ ಯಾವ ಹೂ ಇಷ್ಟ ಅಂತ ಕೇಳಿದರು. ಅಲ್ಲೀತನಕ ಯಾರೂ ಅದನ್ನ ಕೇಳಿರಲಿಲ್ಲ” ಎಂದು ಒಬ್ಬರು. ಇದನ್ನು ಓದಿ ನನ್ನ ಹೊಟ್ಟೆಯಲ್ಲಿ ಬೆಂಕಿ ಬಿತ್ತು. ನಾನು ಗಿರಾಕಿಗಳಿಗೆ ಚಹಾ ಕೊಡುವುದಿಲ್ಲ. ನೀರು ಹೊರುವುದೇ ಸಾಕಾಗಿರುತ್ತದೆ.

4. ಹೀಗಿರಲು ಒಂದು ಮಧ್ಯಾಹ್ನ ಅಕ್ಕನ ಶಟರ್ ಇಳಿದಿತ್ತು. ಜ್ವರ ಬಂದು ಮನೆಗೆ ಹೋಗಿದ್ದಳೆಂದು ಆಮೇಲೆ ತಿಳಿಯಿತು. ನಾನು ನಕ್ಷೆ ತೆರೆದು, ‘ಬದಲಾವಣೆ ಸೂಚಿಸಿ’ ಎಂಬಲ್ಲಿ ಒತ್ತಿ, ‘ಈ ಅಂಗಡಿ ಶಾಶ್ವತವಾಗಿ ಮುಚ್ಚಿದೆ’ ಎಂಬುದನ್ನು ಆರಿಸಿ, ಇಳಿದ ಶಟರ್‌ನ ಫೋಟೋ ಲಗತ್ತಿಸಿ ಕಳಿಸಿದೆನು. ಯಾರೋ ಒಬ್ಬರು ಪರಿಶೀಲಿಸುತ್ತಾರೆ, ಸುಳ್ಳೆಂದು ತಳ್ಳಿಹಾಕುತ್ತಾರೆ, ನನ್ನ ಉರಿಯೂ ಆರುತ್ತದೆ ಎಂದುಕೊಂಡಿದ್ದೆ. ತಾವು ಮರುದಿನವೇ ಅವಳ ಅಂಗಡಿಯ ಹೆಸರಿನ ಕೆಳಗೆ ಕೆಂಪು ಅಕ್ಷರದಲ್ಲಿ ಮರಣಪತ್ರ ಬರೆದುಬಿಟ್ಟಿರಿ. ಪರಿಶೀಲನೆ ಎಂಬ ಪದಕ್ಕೆ ತಮ್ಮ ಇಲಾಖೆಯಲ್ಲಿ ಏನು ಅರ್ಥ ಎಂದು ತಿಳಿಸಿದರೆ ಉಪಕಾರವಾಗುತ್ತದೆ.

5. ಹಲಗೆ ತೆಳುವಾದ್ದರಿಂದ ಆಚೆಯ ಫೋನಿನ ಸದ್ದು ನನಗೆ ಸ್ಪಷ್ಟವಾಗಿ ಕೇಳಿಸುತ್ತದೆ. ಅದು ಕ್ರಮೇಣ ಕಡಿಮೆಯಾಗಿ ಕೊನೆಗೆ ನಿಂತೇ ಹೋಯಿತು. ಅವಳ ಗಿರಾಕಿಗಳು ನನ್ನ ಬಾಗಿಲಿಗೆ ಬಂದು, “ಪಾಪ, ಪಕ್ಕದವರು ಹೋಗ್ಬಿಟ್ರಂತೆ?” ಎಂದು ಕೇಳತೊಡಗಿದರು. ಹಲಗೆಯ ಆಚೆ ಪಾಪದವಳು ಕತ್ತರಿ ಆಡಿಸುತ್ತಿರುವುದು ಕೇಳಿಸುತ್ತಲೇ ಇತ್ತು. ನಾನು ಮೊದಲನೆಯವಳಾದೆ. ವ್ಯಾಪಾರ ದುಪ್ಪಟ್ಟಾಯಿತು. ಸಂತೋಷ ಮಾತ್ರ ಹುಡುಕಿದರೂ ಸಿಗಲಿಲ್ಲ.

6. ಈ ತಿಂಗಳ ಕೊನೆಗೆ ತನ್ನ ಅರ್ಧ ಖಾಲಿ ಮಾಡುವುದಾಗಿ ಅಕ್ಕ ಕಟ್ಟಡದ ಮಾಲೀಕರಿಗೆ ಹೇಳಿರುತ್ತಾಳೆ. ಅವರು ಅದನ್ನು ಜ್ಯೂಸ್ ಅಂಗಡಿಗೆ ಮಾತಾಡಿರುತ್ತಾರೆ. ಇಡೀ ದಿನ ಮಿಕ್ಸರ್ ಸದ್ದು. ಮೇಲಾಗಿ ಮಾಗಿದ ಹಣ್ಣಿನ ಪಕ್ಕ ಹೂ ಬೇಗ ಬಾಡುತ್ತವೆ. ಇದನ್ನು ನನ್ನ ಸ್ವಾರ್ಥ ಎಂದು ದಾಖಲಿಸಿಕೊಳ್ಳಿ, ನನ್ನ ಆಕ್ಷೇಪವಿಲ್ಲ. ಆದರೆ ಅಷ್ಟೇ ಅಲ್ಲ. ಹಲಗೆಯಾಚೆ ಅಕ್ಕ ಇಲ್ಲದ ಅಂಗಡಿಯನ್ನು ನೆನೆದರೆ ನನಗೆ ಬೆಳಿಗ್ಗೆ ಶಟರ್ ಎತ್ತುವ ಮನಸ್ಸೇ ಬರುವುದಿಲ್ಲ. ಯಾರ ಮೇಲೆ ಹಟ ಸಾಧಿಸಲು ಎತ್ತಲಿ?

7. ಆದ್ದರಿಂದ ಅಂಗಡಿ ತೆರೆದಿದೆ ಎಂದು ತಮಗೆ ಪದೇ ಪದೇ ಬರೆದೆನು. ಒಡತಿಯೇ ತನ್ನ ಕೈಯಾರೆ ಬೀಗ ತೆಗೆದು ಶಟರ್ ಎತ್ತುವುದನ್ನು, ಬೋರ್ಡು ಕಾಣುವಂತೆ, ನಡುವೆ ನಿಲ್ಲಿಸದೆ ವಿಡಿಯೋ ಮಾಡಿ ಕಳಿಸಬೇಕೆಂದು ತಾವು ತಿಳಿಸಿದಿರಿ. ಮುಚ್ಚಿಸಲು ಒಂದು ಬೆರಳು ಸಾಕು, ತೆರೆಸಲು ಒಡತಿ, ಬೀಗ, ಬೋರ್ಡು, ವಿಡಿಯೋ ಬೇಕು. ಕಾರಣ, ನಾನು ಹಲ್ಲು ಕಚ್ಚಿಕೊಂಡು ಹಲಗೆಯ ಆಚೆಗೆ ಹೋಗಬೇಕಾಯಿತು.

8. ಅಕ್ಕ ಸ್ಟೂಲಿನ ಮೇಲೆ ಕೂತು ಸೇವಂತಿಗೆಗೆ ತಂತಿ ಸುತ್ತುತ್ತಿದ್ದಳು. ಕೊಳ್ಳುವವರಿಲ್ಲದಿದ್ದರೂ ಸುತ್ತುತ್ತಿದ್ದಳು. ತಲೆಯೆತ್ತದೆ, “ಏನೇ, ನೀರು ಬೇಕಾ?” ಎಂದಳು.

“ನೀರಲ್ಲ. ನಿನ್ನ ಅಂಗಡಿ ವಿಡಿಯೋ ಬೇಕು.”

“ಯಾಕೆ, ತಿಥಿಗೆ ಇಟ್ಕೊಳ್ಳೋಕಾ?”

ಇನ್ನು ಸುತ್ತಿ ಬಳಸಿ ಹೇಳಿ ಪ್ರಯೋಜನವಿರಲಿಲ್ಲ. “ಅಕ್ಕಾ, ನಕ್ಷೇಲಿ ನಿನ್ನ ಅಂಗಡಿ ಮುಚ್ಚಿದೆ ಅಂತ ಹಾಕ್ಸಿದ್ದು ನಾನೇ” ಎಂದೆನು.

“ಗೊತ್ತು. ಈ ಬೀದೀಲಿ ನನ್ನ ಮೇಲೆ ಅಷ್ಟು ಹೊಟ್ಟೆಉರಿ ಇನ್ಯಾರಿಗಿದೆ?”

“ಗೊತ್ತಿದ್ದೂ ಒಂದು ಮಾತು ಬೈಯದೆ ಸುಮ್ನಿದ್ಯಲ್ಲ!”

ಅವಳು ತಂತಿಯನ್ನು ಹಲ್ಲಿನಿಂದ ಹಿಡಿದೆಳೆದು ಗಂಟು ಬಿಗಿದಳು. “ಬೈಯೋಕೆ ಮುಖ ಬೇಕಲ್ಲ. ನಿನ್ನ ಅಂಗಡಿ ಮುಚ್ಚಿದೆ ಅಂತ ನಾನೂ ಹಾಕಿದ್ದೆ. ರಿಪೇರಿಯವನ ಹತ್ರ ಹೇಳಿಸ್ಕೊಂಡು, ಕನ್ನಡಕ ಹಾಕ್ಕೊಂಡು, ನಾಲ್ಕೈದು ಸಲ ಹಾಕ್ದೆ. ನಿಂದು ಮುಚ್ಚಲೇ ಇಲ್ಲ. ನೀನು ಒಂದೇ ಸಲ ಹೇಳಿದ್ದು, ಕೇಳ್ಬಿಟ್ಟರು.”

ನನಗೆ ನಗು ಬಂತು. ಬಾಯಿಯವರೆಗೂ ಬಂದಿತ್ತು. ಅಷ್ಟರಲ್ಲಿ ಅವಳು ಹೇಳಿದಳು: “ಅಪ್ಪನೂ ಹಾಗೇ ಅಲ್ವಾ. ನಾನು ಹೇಳಿದ್ದು ಗಾಳಿಗೆ. ಅದನ್ನೇ ನೀನು ಹೇಳಿದ್ರೆ, ‘ನೋಡು, ಚಿಕ್ಕವಳಿಗೆ ಎಷ್ಟು ಬುದ್ಧಿ’ ಅಂತಿದ್ರು. ಹೋಗ್ಲಿ ಬಿಡು. ಮನೆಯವರೇ ಕೇಳ್ಲಿಲ್ಲ, ಈ ನಕ್ಷೆ ಯಾಕೆ ಕೇಳುತ್ತೆ?”

ಅರ್ಜಿಯಲ್ಲಿ ಇಂಥದ್ದನ್ನು ಬರೆಯುವ ಪದ್ಧತಿ ಇಲ್ಲವೆಂದು ಬಲ್ಲೆ. ಆದರೂ ನಮೂದಿಸುತ್ತೇನೆ: ನನಗೆ ತುಂಬಾ ಸಂಕಟವಾಯಿತು. ಅಪ್ಪ ಹಾಗೆ ಹೇಳುತ್ತಿದ್ದುದು ನಿಜ. ಅದನ್ನು ಕೇಳಿ ನಾನು ಉಬ್ಬುತ್ತಿದ್ದುದೂ ನಿಜ.

9. ಆಮೇಲೆ ಅವಳೇ ಎದ್ದು, ಶಟರ್ ಇಳಿಸಿ, ಬೀಗ ಹಾಕಿ, ಮತ್ತೆ ತೆಗೆದಳು. ನಾನು ಫೋನ್ ಹಿಡಿದಿದ್ದೆ. “ಗಿರಾಕಿ ಬಂದ್ರೆ ಇರ್ತೀನಿ. ಬರ್ಲಿಲ್ಲ ಅಂದ್ರೆ ಹೊರಟೆ. ನಿನ್ನ ಮುಖ ನೋಡ್ಕೊಂಡಂತೂ ಇರಲ್ಲ” ಎಂದು ಸ್ಪಷ್ಟವಾಗಿ ತಿಳಿಸಿರುತ್ತಾಳೆ. ನಾನು ಹೊರಟು ನನ್ನ ಬಾಗಿಲಲ್ಲಿದ್ದ ಬಕೆಟ್ ಎತ್ತಿಕೊಂಡಾಗ, ಅದನ್ನು ಕಸಿದುಕೊಂಡು ತನ್ನ ನಲ್ಲಿಯ ಕೆಳಗಿಟ್ಟಳು. ಈ ಅಂಶ ಪ್ರಕರಣಕ್ಕೆ ಸಂಬಂಧಿಸಿದ್ದಲ್ಲ.

ಈ ಎಲ್ಲ ಕಾರಣಗಳಿಂದ, ಮತ್ತು ತಿಂಗಳು ಮುಗಿಯುತ್ತಾ ಬಂದಿರುವ ಕಾರಣದಿಂದ, ತಾವು ದಯಮಾಡಿ:

(ಅ) ನಲ್ಲಿ ಅಂಗಡಿಯ ಮೇಲಿನ ಕೆಂಪು ಅಕ್ಷರಗಳನ್ನು ಕೂಡಲೇ ಅಳಿಸಿ, ಅದು ತೆರೆದಿದೆ ಎಂದು ತೋರಿಸಬೇಕು. ಅದು ನನಗಿಂತ ಮೇಲೆ ಕಂಡರೂ ಪರವಾಗಿಲ್ಲ. ಬಹಳ ಮೇಲೆ ಬೇಡ.

(ಆ) ನನ್ನ ಅಂಗಡಿ ಮುಚ್ಚಿದೆ ಎಂದು ಅಕ್ಕ ಸಲ್ಲಿಸಿರುವ ದೂರುಗಳಲ್ಲಿ ಯಾವುದಾದರೂ ಒಂದನ್ನು ನಂಬಿ, ನನ್ನ ಅಂಗಡಿಯನ್ನು ಒಂದು ದಿನದ ಮಟ್ಟಿಗೆ ಮುಚ್ಚಬೇಕು.

ತಮ್ಮ ವಿಶ್ವಾಸಿ (ಸದ್ಯಕ್ಕೆ),
ಫ್ರಿಜ್ ಅಂಗಡಿಯವಳು

ಲಗತ್ತುಗಳು:
1. ಅಕ್ಕ ಶಟರ್ ಎತ್ತುವ ವಿಡಿಯೋ. ಅದರಲ್ಲಿ “ಕೈ ಅಲ್ಲಾಡಿಸ್ಬೇಡ್ವೇ” ಎಂದು ಕೇಳಿಸುವುದು ಒಡತಿಯ ಧ್ವನಿ. ಕೈ ಅಲ್ಲಾಡಿದ್ದು ನಿಜ.
2. ಅಕ್ಕನ ಅಂಗಡಿಯ ಹೊಸ ಫೋಟೋ, ಬೆರಳಿಲ್ಲದ್ದು.

ವಿ.ಸೂ.: ಕೋರಿಕೆ (ಆ)ಗೆ ಸಂಬಂಧಿಸಿದಂತೆ, ಮುಚ್ಚುವ ದಿನವನ್ನು ತಾವಾಗಲಿ ನಾನಾಗಲಿ ನಿರ್ಧರಿಸತಕ್ಕದ್ದಲ್ಲ. ಅಕ್ಕನನ್ನೇ ಕೇಳಿ, ಅವಳು ಹೇಳಿದಂತೆಯೇ ಮಾಡತಕ್ಕದ್ದು. ನನಗೆ ಹೆಚ್ಚು ವ್ಯಾಪಾರವಾಗುವುದು ಶನಿವಾರ. ಅವಳು ಶನಿವಾರವೆಂದೇ ಹೇಳುತ್ತಾಳೆ. ದಯವಿಟ್ಟು ಕೇಳಿ.